ಕುದುರೆಗಳು ಏನು ಮಾಡಿದ್ದವು

ಭಾನುವಾರ ಹತ್ತು ಗಂಟೆಗೆ, ಪಲ್ಪಿಂಗ್ ಶೆಡ್ಡಿನ ಹಿಂದೆ
ಖಾಲಿ ಗೊಬ್ಬರದ ಚೀಲ ಹಾಸಿ, ನಮ್ಮನ್ನು ಕೂರಿಸಿ
ದೀನಮ್ಮ ಸಮುದ್ರ ಸೀಳುತ್ತಿದ್ದಳು.

ವಾರವೆಲ್ಲ ಅವಳದು ಪಿಳ್ಳೆಮನೆಯ ಕೆಲಸ:
ತಾಯಂದಿರು ಕಾಫಿ ಕೊಯ್ಯುವಷ್ಟು ಹೊತ್ತೂ
ತೊಟ್ಟಿಲ ಹಗ್ಗ ಎಳೆಯುವುದು, ಗಂಜಿ ಆರಿಸುವುದು, ಮೂಗು ಒರೆಸುವುದು.
ಭಾನುವಾರ ಮಾತ್ರ ಮಿಶನ್ ಕಾಲದ ಕನ್ನಡ.
ಭುಜಬಲ ಎಂದು ಓದಿ, ಕನ್ನಡಕ ತೆಗೆದು,
'ಅಂದ್ರೆ ತೋಳು ಎತ್ತಿದ, ಅಷ್ಟೆ' ಅನ್ನುವಳು.

ಅವಳಿಗೆ ಐಗುಪ್ತ ದೂರವಿರಲಿಲ್ಲ.
ಸಿದ್ದಾಪುರದಿಂದ ಕರಡಿಗೋಡಿಗೆ ಇಳಿಯುವಾಗ
ಎಲ್ಲೋ ಎಡಕ್ಕೆ ತಿರುಗಬೇಕು.
ಅಲ್ಲಿ ಇಟ್ಟಿಗೆ ಎಣಿಸುವವನ ಕೋಲು,
ಇಲ್ಲಿ ಮೇಸ್ತ್ರಿ ಪೊನ್ನುರಂಗನ ಕೋಲು,
ಎರಡೂ ಒಂದೇ ಬಿದಿರುಮೆಳೆಯವು.
ಕುರಿ ಕಾಯುತ್ತಿದ್ದ ಆ ತೊದಲು ಮಾತಿನ ಗಂಡಸು
ಉರಿದೂ ಬೂದಿಯಾಗದ ಗಿಡ ಕಂಡನಲ್ಲ,
ಅದು ಫೆಬ್ರವರಿಯ ಹಾಲುವಾಣ:
ಎಲೆಯೊಂದಿಲ್ಲ, ಮೈತುಂಬ ಮುಳ್ಳು, ಕೊಂಬೆ ಕೊಂಬೆಗೆ ಕೆಂಪು.
'ಹತ್ತಿರ ಹೋಗುವಾಗ ಚಪ್ಪಲಿ ಬಿಡಬೇಕು' ಅಂದಳು.
ನಮಗೆ ಚಪ್ಪಲಿಯೇ ಇರಲಿಲ್ಲ.
ನಾವು ಮೊದಲೇ ಸಿದ್ಧ.

ಹೂಮಳೆ ಬಿದ್ದ ಎಂಟನೆಯ ಬೆಳಿಗ್ಗೆ
ಗುಡ್ಡವಿಡೀ ಬೆಳ್ಳಗೆ.
'ಇದೇನು?' ಅಂದರಂತೆ ಇಸ್ರಾಯೇಲರು, ಮರುಭೂಮಿಯಲ್ಲಿ;
ಆ ಬೆರಗೇ ಆ ರೊಟ್ಟಿಗೆ ಹೆಸರಾಯಿತಂತೆ.
ಇಂದಿನದು ಇಂದಿಗೆ, ನಾಳೆಗೆ ಬಚ್ಚಿಟ್ಟರೆ ಹುಳ.
ನಾವು ನಕ್ಕೆವು. ಬಚ್ಚಿಡಲು ಯಾರ ಮನೆಯಲ್ಲಿ ಏನಿತ್ತು?
ಶನಿವಾರದ ಬಟವಾಡೆ ಸೋಮವಾರಕ್ಕೆ ಕರಗುತ್ತಿತ್ತು
ಹುಳಕ್ಕೆ ತೊಂದರೆ ಕೊಡದೆ.

ಸಮುದ್ರದ ಕತೆ ಅವಳು ಎಷ್ಟು ಸಲ ಹೇಳಿದ್ದಳೋ.
ನೀರು ಎರಡು ಗೋಡೆ. ನಡುವೆ ಒಣನೆಲ,
ಕುರಿ, ಕೂಸು, ಹಿಟ್ಟಿನ ಗಂಟು, ಮುದುಕರು.
ಹಿಂದೆ ರಥ. ಅವನು ಮತ್ತೆ ಕೋಲು ಚಾಚಿದ,
ಗೋಡೆ ಕುಸಿಯಿತು: ದಂಡು, ಗಾಲಿ, ಕುದುರೆ, ಎಲ್ಲ.
ನಾವು ಚಪ್ಪಾಳೆ ತಟ್ಟಿದೆವು.
ಆ ಸಲ ಬೋಜಿ ತಟ್ಟಲಿಲ್ಲ. ಯರವರ ಹುಡುಗಿ,
ಹೆಜ್ಜೆ ನೋಡಿ, ಆನೆ ಹೋದದ್ದು ಯಾವಾಗ ಎನ್ನಬಲ್ಲವಳು.
'ಕುದುರೆಗಳು ಏನು ಮಾಡಿದ್ದವು?'

ದೀನಮ್ಮ ಪುಟ ಹಿಂದೆ ಮಗುಚಿದಳು, ಮುಂದೆ ಮಗುಚಿದಳು.
'ಮುಂದಿನ ವಾರ' ಅಂದಳು.

ಮುಂದಿನ ವಾರ ಬರಲಿಲ್ಲ.
ಕಕ್ಕಡದ ನಡುರಾತ್ರಿ ಕಾವೇರಿ
ಲೈನ್‌ಮನೆಯ ಮೆಟ್ಟಿಲು ಹತ್ತಿ, ಬಾಗಿಲು ತಟ್ಟದೆ ಒಳಗೆ ಬಂದಳು.
ಯಾರದೋ ಟಾರ್ಚಿನ ಬೆಳಕಿನಲ್ಲಿ ಕಂಡೆ:
ದೀನಮ್ಮ ಸೊಂಟದುದ್ದ ನೀರಿನಲ್ಲಿ ನಿಂತು
ಕೊಡೆ ಎತ್ತಿದ್ದಳು.
ಉಸಿರು ಹಿಡಿದೆ.
ನೀರು ಅವಳ ಮಾತು ಕೇಳಲಿಲ್ಲ.
ಕೊಡೆ ಇಳಿಸಿ, ತುದಿಯಿಂದ ನೆಲ ಕುಟ್ಟಿ ನೋಡುತ್ತ
ಒಂದೊಂದೇ ಹೆಜ್ಜೆ ಇಟ್ಟಳು. ಸೆರಗು ಹಿಡಿದು ಹನ್ನೊಂದು ಮಕ್ಕಳು.
ದಿಣ್ಣೆ ಹತ್ತಿದ ಮೇಲೆ ತಲೆ ಎಣಿಸಿದಳು, ಎರಡು ಸಲ,
ಗಂಜಿ ಬಡಿಸುವಾಗ ಎಣಿಸುವಂತೆ.

ಆಗ ಕೆಳಗಿನಿಂದ ಹಸುವಿನ ಕೂಗು.
ಪೊನ್ನುರಂಗನದು. ಸಂಜೆಯೇ ಅವನು ಜೀಪು ಹತ್ತಿ
ಅಮ್ಮತ್ತಿಗೆ ಹೋಗಿದ್ದ, ಹಗ್ಗ ಬಿಚ್ಚದೆ.
'ಮುಳುಗಲಿ' ಎಂದಿತು ಕತ್ತಲಲ್ಲಿ ಒಂದು ಧ್ವನಿ.
ನಮ್ಮಪ್ಪನದೇ ಇರಬಹುದು, ಕೂಲಿ ಮುರಿಸಿಕೊಂಡವನು.
ದೀನಮ್ಮ ಬೋಜಿಯ ಮುಖ ನೋಡಿದಳು.
ಯಾರದೋ ಕತ್ತಿ ಕಿತ್ತು ಸೊಂಟಕ್ಕೆ ಸಿಕ್ಕಿಸಿ
ಕೊಡೆ ನನ್ನ ಕೈಗೆ ಕೊಟ್ಟು
ಮತ್ತೆ ಇಳಿದಳು.

ಬೆಳಗಾದಾಗ ಅವಳು ಸಿಕ್ಕಿದಳು,
ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ ತಬ್ಬಿಕೊಂಡು,
ಬಯ್ಯುತ್ತ. ಯಾರನ್ನೆಂದು ತಿಳಿಯಲಿಲ್ಲ.
ಹಸು ಮೂರನೆಯ ದಿನ ಗುಹ್ಯದ ದಿಬ್ಬದ ಮೇಲೆ ಮೇಯುತ್ತಿತ್ತು,
ಕೊರಳಲ್ಲಿ ಗೇಣುದ್ದ, ಕೊಯ್ದ ಹಗ್ಗ.

ಗಂಜಿಕೇಂದ್ರದ ಶಾಲೆಯಲ್ಲಿ ಮತ್ತೆ ಭಾನುವಾರ.
ಅದೇ ಸಮುದ್ರ. ಪುಟಗಳು ಊದಿಕೊಂಡಿದ್ದವು.
ಕುದುರೆಗಳ ಹತ್ತಿರ ಬಂದು ನಿಂತಳು.
'ಪುಸ್ತಕದಲ್ಲಿ ಹೀಗಿದೆ' ಎಂದು ಕೆಮ್ಮಿದಳು.
ಬೋಜಿ ಏನೂ ಕೇಳಲಿಲ್ಲ.

ನಿನ್ನೆ, ಎಷ್ಟೋ ಫೆಬ್ರವರಿಗಳ ಮೇಲೆ, ಆ ತೋಟ ದಾಟುವಾಗ
ಒಂದು ಹಾಲುವಾಣ ಹತ್ತಿಕೊಂಡಿತ್ತು.
ಯಾರೂ ಇಲ್ಲವೆಂದು ನೋಡಿಕೊಂಡು
ಚಪ್ಪಲಿ ಬಿಟ್ಟು ನಿಂತೆ.
ಹೆಸರು ಹಿಡಿದು ಯಾರೂ ಕರೆಯಲಿಲ್ಲ.
ಚಿಗಳಿ ಕಚ್ಚಿತು, ಹೆಬ್ಬೆರಳಿಗೆ.
ಇನ್ನೂ ಸ್ವಲ್ಪ ಹೊತ್ತು ನಿಂತೆ.