ಬಿಸಿ ಯಾವುದು

ತೀನ್ ಕಂದೀಲಿನ ಹತ್ತಿರ, ಒಬ್ಬರು ಕೂತರೆ ಇನ್ನೊಬ್ಬರು
ನಿಲ್ಲಲೇಬೇಕಾದ ನನ್ನ ಅಂಗಡಿಗೆ
ಸವಾರೆಮ್ಮ ಬಂದದ್ದು ಮೇ ತಿಂಗಳ ಮಟಮಟ ಮಧ್ಯಾಹ್ನ,
ಲ್ಯಾಪ್‌ಟಾಪನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು.
(ಒದ್ದೆಯಲ್ಲಿ ಸುತ್ತಬಾರದು ಅಂತ ಆಮೇಲೆ ಹೇಳಿದೆ.)
ತಹಶೀಲ್ ಕಚೇರಿ ಎದುರು ಬೇವಿನ ಬುಡದಲ್ಲಿ ಅರ್ಜಿ ಬರೆಯುವವಳು.
"ಚಾರ್ಜ್ ಆಗವಲ್ದು. ಚಾರ್ಜರ್ ಹೊಸಾದು ತಂದೆ,
ಬ್ಯಾಟ್ರಿ ಹೊಸಾದು ಹಾಕಿಸಿದೆ. ಎರಡೂ ಹೊಸಾವು,
ಎರಡೂ ಸುಮ್ಮನ ಕುಂತಾವ."

ಬಿಚ್ಚಿದೆ. ಒಳಗೆ ಬೂದಿ.
ಶಕ್ತಿನಗರದ ಚಿಮಣಿಯದ್ದೋ, ಪಕ್ಕದ ಚಹಾ ಒಲೆಯದ್ದೋ,
ಬ್ರಷ್ಷಿಗೆ ಅದರ ಊರು ಗೊತ್ತಾಗಲಿಲ್ಲ.
ಪಿನ್ನಿನಲ್ಲಿ ಹತ್ತೊಂಬತ್ತು ವೋಲ್ಟು ಸರಿಯಾಗಿದೆ.
ಬೋರ್ಡಿಗೆ ಸಿಕ್ಕಿಸಿದ ಕೂಡಲೇ ಚಾರ್ಜರಿನ ಹಸಿರು
ಒಮ್ಮೆ ರೆಪ್ಪೆ ಬಡಿದು ಆರಿತು,
ಬಾಗಿಲು ತೆರೆದವನು ಒಳಗೆ ಏನೋ ಕಂಡು ಮುಚ್ಚಿದ ಹಾಗೆ.
ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಮುಖ್ಯ ಸಾಲಿಗೆ:
ಬೀಪ್.
ಎರಡನೆಯ ಕಪ್ಯಾಸಿಟರಿಗೆ ಬೀಪ್. ಮೂರನೆಯದಕ್ಕೂ.
ಒಂದೇ ಸಾಲಿನಲ್ಲಿ ಕೂತವರು; ಒಬ್ಬ ಸುಳ್ಳು ಹೇಳಿದರೆ
ಇಪ್ಪತ್ತಮೂರು ಮಂದಿಯೂ ಅದೇ ಸುಳ್ಳು ಹೇಳುತ್ತಾರೆ.
ಎಳ್ಳಿಗಿಂತ ಸಣ್ಣವರು. ಒಂದೇ ಮುಖ, ಒಂದೇ ಬಣ್ಣ.

ಉಸ್ತಾದ್ ಚಾಂದಪಾಷಾ, ರೇಡಿಯೊಗಳ ರೋಗವನ್ನು
ಮೂಗಿನಿಂದಲೇ ಹೇಳುತ್ತಿದ್ದ ಮನುಷ್ಯ, ಕಲಿಸಿದ್ದು:
"ಒಂದೇ ವೋಲ್ಟು ಕೊಡು. ಜಾಸ್ತಿ ಕೊಟ್ಟರ ತಪ್ಪಿಲ್ಲದವ ಸುಡ್ತಾನ.
ಕಿರುಬೆರಳಿಂದ ಮುಟ್ಟಿಕೋತ ಹೋಗು.
ಕದ್ದು ಕುಡಿಯೋನ ಮೈ ಬಿಸಿ ಇರ್ತದ."

ಕೊಟ್ಟೆ. ಮೂರು ಆಂಪಿಯರ್ ಗಟಗಟ ಇಳಿಯಿತು.
ಮುಟ್ಟಿದೆ, ಬಿಸಿ. ಅದರ ಪಕ್ಕದ್ದು, ಬಿಸಿ.
ಇದರ ಗೊಡವೆಯೇ ಇಲ್ಲದ ಯುಎಸ್‌ಬಿ ಮೂಲೆ, ಅದೂ ಬಿಸಿ.
ಚಿಮಟಿ ಬಿಸಿ, ಮೇಜು ಬಿಸಿ, ಚರಿಗೆಯ ನೀರು ಬಿಸಿ.
ಹೊರಗೆ ನಲವತ್ತಮೂರು, ತಗಡಿನ ಕೆಳಗೆ ಎಷ್ಟೋ.
ಸ್ಪಿರಿಟ್ ಬಿಟ್ಟೆ: ಮೊದಲು ಎಲ್ಲಿ ಆರಿತು ಅಂತ ಬಗ್ಗುವಷ್ಟರಲ್ಲಿ
ಎಲ್ಲ ಕಡೆಯೂ ಆರಿತ್ತು.
ಬಿಸಿಯನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ಹೈದರಾಬಾದಿನಲ್ಲಿ ಸಿಗುತ್ತದೆ.
ಬೆಲೆ ಕೇಳಿ ನಾನು ಫೋನು ಇಟ್ಟಿದ್ದೆ.

"ಊರು ಅಡ್ಡ ಬರ್ತದ ಅಕ್ಕಾ," ಅಂದೆ. "ನಸಿಕಿನ್ಯಾಗ ಬಾ."
ಅವಳು ನನ್ನನ್ನು ನೋಡಿದ ನೋಟದಲ್ಲಿ
ಇಷ್ಟು ವರ್ಷ ಕಚೇರಿಯವರು ಹೇಳಿದ
"ನಾಳೆ ಬಾ"ಗಳೆಲ್ಲ ಇದ್ದವು.

ಬೋರ್ಡನ್ನು ಮಾಳಿಗೆಯ ಮೇಲೆ ಮಲಗಿಸಿದೆ, ನಾನೂ ಪಕ್ಕದಲ್ಲಿ.
ನಡುರಾತ್ರಿಯ ತನಕ ಕಲ್ಲು ಹಗಲನ್ನು ಕಾರುತ್ತಲೇ ಇತ್ತು.
ಮೂರಕ್ಕೆ ಕೃಷ್ಣೆಯ ಕಡೆಯಿಂದಿರಬೇಕು,
ಒಂದು ಗಾಳಿ ಬಂತು, ಗಾಳಿ ಅನ್ನಬಹುದಾದಷ್ಟು.

ನಾಲ್ಕೂವರೆಗೆ ಅವಳು ಬಂದಳು.
ಒಂದು ವೋಲ್ಟು. ಕಣ್ಣು ಮುಚ್ಚಿಕೊಂಡೆ.
ತಂಪು. ತಂಪು. ತಂಪು.
ಬೋರ್ಡಿನ ಮೇಲೆ ಅಲ್ಲ, ಬಾವಿಯ ಮೆಟ್ಟಿಲ ಮೇಲೆ ಬೆರಳು ಇಳಿದಂತೆ.
ಹದಿನೇಳನೆಯದು ಕಚ್ಚಿತು.

ಬಿಸಿಗಾಳಿ ಹಿಡಿದೆ. ಬೆಸುಗೆ ಮೆತ್ತಗಾಗಿ ಮಿಂಚಿತು, ಚಿಮಟಿ ಎತ್ತಿತು.
ಕಡ್ಡಿ ಇಟ್ಟರೆ ಮೀಟರಿಗೆ ಮಾತಿಲ್ಲ.
ನಮಗೂ ಇರಲಿಲ್ಲ, ಸ್ವಲ್ಪ ಹೊತ್ತು.
ಚಾರ್ಜರ್ ಸಿಕ್ಕಿಸಿದೆ. ಹಸಿರು ನಿಂತಿತು. ಅಂಚಿನಲ್ಲಿ ಕಿತ್ತಳೆ ಹತ್ತಿತು.
ಶೇಕಡಾ ಒಂದು. ಚಹಾ ಬರುವಷ್ಟರಲ್ಲಿ ಎರಡು.

ತೆಗೆದದ್ದನ್ನು ಬಿಳಿ ಹಾಳೆಯ ಮೇಲೆ ಇಟ್ಟು ತೋರಿಸಿದೆ.
"ಇಷ್ಟಾ?" ಅಂತ ಬಗ್ಗಿದಳು. ಅವಳ ಉಸಿರಿಗೇ ಅದು ಹಾರಿತು.
ಇಬ್ಬರೂ ನೆಲ ತಡವಿದೆವು. ಸಿಗಲಿಲ್ಲ.
ಅದರ ಜಾಗ ಖಾಲಿ ಬಿಟ್ಟಿದ್ದೇನೆ ಅಂತಲೂ ಹೇಳಿದೆ;
ಉಳಿದವು ಸದ್ಯಕ್ಕೆ ಹೊರುತ್ತವೆ,
ಅದೇ ಅಳತೆಯದು ಸತ್ತ ಬೋರ್ಡಿನಲ್ಲಿ ಸಿಕ್ಕರೆ ಕೂರಿಸುತ್ತೇನೆ.

ಐನೂರು ಅಂದೆ. ಮುನ್ನೂರು ಕೊಟ್ಟಳು.
ಉಳಿದದ್ದಕ್ಕೆ, ಅಲ್ಲೇ ಸ್ಟೂಲಿನ ಮೇಲೆ ಕೂತು,
ಜೆಸ್ಕಾಂಗೆ ನನ್ನದೊಂದು ಅರ್ಜಿ ಕುಟ್ಟಿದಳು, ಕೀಲಿ ನೋಡದೆ:
"ವಿಷಯ: ಅಂಗಡಿ ಮುಚ್ಚಿದ್ದ ತಿಂಗಳಿಗೂ ಬಿಲ್ಲು ಬಂದ ಕುರಿತು."
"ಯಾರೋ ಕದ್ದು ಕುಡೀತಾರ," ಅಂದಳು, ಮುಖ ಎತ್ತದೆ.

ಅವಳು ಹೋದ ಮೇಲೆ ಒಂದು ನಿದ್ದೆ ತೆಗೆದೆ.
ಒಂಬತ್ತಕ್ಕೆ ಎದ್ದು ಶಟರ್ ಮುಟ್ಟಿ ಬೆರಳು ಹಿಂದೆಗೆದೆ.
ಇನ್ನು ಸಂಜೆಯ ತನಕ
ಈ ಊರಿನಲ್ಲಿ ಎಲ್ಲರ ಮೇಲೂ ಅನುಮಾನ.