ನೇರಳೆ ಶಾಯಿಯ ಗೆರೆ

ಏನು ಬೆಳೀತೀಯೆ ಆ ಗಾಜಿನ ಮನೇಲಿ, ಅಂತ
ತಳಿಯ ಸಂತೆಯಲ್ಲಿ ಸೊಪ್ಪು ಮಾರುವ ಚಿನ್ನಪಾಪಕ್ಕ
ಮೊದಲ ವರ್ಷವೇ ಕೇಳಿದ್ದಳು.
ರೋಗ, ಅಂದೆ.
ತಕ್ಕಡಿ ಕೆಳಗಿಟ್ಟಳು.

ನಿಜವೇ. ರಾಗಿಯ ಕುತ್ತಿಗೆ ಹಿಡಿಯುವ ಬೆಂಕಿರೋಗ
ಹೊಲಕ್ಕೆ ಕರೆಯದೆ ಬರುತ್ತದೆ.
ನನ್ನಲ್ಲಿಗೆ ಗಂಡಿನ ಕಡೆಯವರ ಹಾಗೆ:
ಇಪ್ಪತ್ತೈದು ಡಿಗ್ರಿ ಬೇಕು,
ನೂರಕ್ಕೆ ತೊಂಬತ್ತು ತೇವ ಬೇಕು,
ಎಲೆಯ ಮೇಲಿನ ಹನಿ ಬೆಳಗಿನ ತನಕ ಆರಕೂಡದು,
ಒಂದು ಕಡಿಮೆಯಾದರೂ ಮುನಿಸು.
ಮೂವತ್ತೊಂದು ವರ್ಷ ಅದರ ಉಪಚಾರ ಮಾಡಿದೆ,
ಯಾವ ತಳಿ ಅದಕ್ಕೆ ಬಗ್ಗುವುದಿಲ್ಲ ಅಂತ ತಿಳಿಯಲು.

ಊರಿನ ಹೆಸರೂ ತಳಿ, ಕೆಲಸವೂ ತಳಿ.
ನೀರು ಹಾಕುವವರಲ್ಲಿ ಒಬ್ಬ ತಣ್ಣಿ ಅನ್ನುತ್ತಾನೆ,
ಒಬ್ಬಳು ನೀಳ್ಳು, ನಾನು ನೀರು.
ಕುಂಡಕ್ಕೆ ಅಳತೆಯ ಲೋಟ ಒಂದೇ.

ಮೂಲೆಯಲ್ಲಿ ಒಂದು ಪೆಟ್ಟಿಗೆ.
ಒಳಗೆ ತಿರುಗುವ ಉರುಳೆ, ಉರುಳೆಗೆ ಸುತ್ತಿದ ಕಾಗದ,
ಕಾಗದಕ್ಕೆ ತಾಗಿದ ಮುಳ್ಳು, ಮುಳ್ಳಿನ ತುದಿಗೆ ನೇರಳೆ ಶಾಯಿ.
ತೇವ ಅಳೆಯುವುದು ಒಂದು ಹಿಡಿ ತಲೆಗೂದಲು,
ಯಾವ ಊರಿನ ಯಾವ ಹೆಂಗಸಿನದೋ,
ಮೋಡ ಕವಿದರೆ ಇಂದಿಗೂ ಉದ್ದವಾಗುತ್ತದೆ.
ಸೋಮವಾರ ಕೀಲಿ ಕೊಟ್ಟು, ಕಾಗದ ಬದಲಿಸಿ,
ತಾರೀಕು ಹಾಕಿ ಕಟ್ಟಿಗೆ ಸೇರಿಸಬೇಕು.
ಹೀಗೆ ಸಾವಿರದ ಆರುನೂರು ಸೋಮವಾರ.

ಇವತ್ತು ಕಟ್ಟು ಬಿಚ್ಚಿದೆ. ನಾಳೆ ನಿವೃತ್ತಿ.

ಗೆರೆ ತೆಪ್ಪಗಿರುವ ವಾರಗಳೇ ಹೆಚ್ಚು. ಅದೇ ನನ್ನ ಕೆಲಸ,
ಏನೂ ಆಗದಂತೆ ನೋಡಿಕೊಳ್ಳುವುದು.
ಏನೂ ಆಗದ್ದಕ್ಕೆ ಯಾರು ಹಾರ ಹಾಕುತ್ತಾರೆ?

ಇಲ್ಲಿ, ತೊಂಬತ್ತೇಳರ ಏಪ್ರಿಲ್, ಗುರುವಾರ,
ಗೆರೆ ಮೂವತ್ತೊಂಬತ್ತಕ್ಕೆ ಏರಿದೆ.
ನಾನು ಹೊಸೂರಿನ ಆಸ್ಪತ್ರೆಯಲ್ಲಿದ್ದೆ,
ಮೇಲಿನ ಕಿಟಕಿ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.
ಮಗಳು ಹುಟ್ಟಿದ್ದು ಒಂದೂವರೆಗೆ,
ಗೆರೆಯ ನೆತ್ತಿ ಎರಡಕ್ಕೆ.

ಇಲ್ಲಿ, ಕಾರ್ತಿಕದ ರಾತ್ರಿ ಎರಡೂಕಾಲು,
ತೇವ ಒಮ್ಮೆಲೇ ಧುಮುಕಿದೆ.
ಜವಳಗಿರಿ ಕಾಡಿನಿಂದ ಬಂದ ಒಂಟಿ ಆನೆ
ಸುತ್ತಲಿನ ಹೊಲವನ್ನೆಲ್ಲ ಬಿಟ್ಟು
ಒಂದು ಗಾಜು ಒಡೆದು ಸೊಂಡಿಲು ಚಾಚಿ
ಮೂಸಿ, ಒಂದು ತೆನೆಯನ್ನೂ ಕೀಳದೆ ಹೋಯಿತು.
ರಿಜಿಸ್ಟರಿನಲ್ಲಿ ಬರೆದೆ: ಗಾಜು ಒಂದು, ಕಾರಣ ಆನೆ.
ಆಡಿಟ್ಟಿನವರು ಆನೆಯ ಕೆಳಗೆ ಕೆಂಪು ಗೆರೆ ಎಳೆದರು.

ಈ ಹಾಳೆಯನ್ನು ಮಾತ್ರ ಬೇಗ ಮಗುಚುತ್ತೇನೆ.
ಎರಡು ದಿನ ಕರೆಂಟಿಲ್ಲ. ಜನರೇಟರಿಗೆ ಡೀಸೆಲ್ ಇಲ್ಲ.
ತರಿಸಬೇಕಾದವಳು ನಾನು. ಮರೆತಿದ್ದೆ.
ನಾನೂರ ಹದಿನೇಳು ಕುಂಡ,
ರಾಗಿಯೂ ಸತ್ತಿತು, ರೋಗವೂ ಸತ್ತಿತು.
ಡಾಕ್ಟರ್ ಪೊನ್ನುರಂಗಂ ಬಾಗಿಲಲ್ಲೇ ನಿಂತು ಮೆಲ್ಲಗೆ,
ಮೂವತ್ತು ಅಂತ ಬರೀರಿ ಅಮ್ಮಾ,
ಸತ್ತದ್ದು ರೋಗದಿಂದ ಅಂತಾಗಲಿ, ಅಂದರು.
ನನ್ನ ಮಾನವನ್ನೂ ಉಳಿಸುವ ಮಾತು.
ಪೆನ್ನಿನ ಮುಚ್ಚಳವನ್ನೂ ತೆಗೆದೆ.
ಮುಳ್ಳು ಆಗಲೇ ಬರೆದು ಮುಗಿಸಿತ್ತು, ನಲವತ್ತಾರು.
ಅದರ ಕೆಳಗೆ ನನ್ನ ರುಜು.
ಡೀಸೆಲ್ಲಿನ ವಿಷಯವನ್ನೂ ಬರೆದೆ.
ಬಡ್ತಿ ಆರು ವರ್ಷ ತಡವಾಯಿತು.
ಅವರು ಮತ್ತೆ ನನ್ನ ಜೊತೆ ಟೀ ಕುಡಿಯಲಿಲ್ಲ.

ಹೊಸದಾಗಿ ಬಂದಿರುವ ಯಾಳಿನಿಯ ಫೋನಿನಲ್ಲಿ
ಇಡೀ ಗಾಜಿನಮನೆ ಕೂತಿದೆ.
ಕಿಟಕಿಗಳು ಈಗ ತಾವೇ ತೆರೆಯುತ್ತವೆ,
ತಾವೇ ಮುಚ್ಚುತ್ತವೆ, ಯಾರ ಹೆರಿಗೆಗೂ ಕಾಯದೆ.
ಈ ಪೆಟ್ಟಿಗೆ ಗುಜರಿಗೆ ಹಾಕಲಾ ಮೇಡಂ, ಅಂದಳು.
ಒಂದು ವಾರ ಇರಲಿ, ಅಂದೆ.

ಕೀಲಿ ಕೊಟ್ಟೆ. ಶಾಯಿ ತುಂಬಿದೆ.
ತಾರೀಕು ಬರೆಯುವಾಗ ಕೈ ಸ್ವಲ್ಪ ಓರೆಯಾಯಿತು.
ಗುರುವಾರ ನಾನಿರುವುದಿಲ್ಲ.
ಗೆರೆ ಏಳಬಾರದು. ಏಳುವುದೂ ಇಲ್ಲ.
ಆದರೂ ಮುಂದಿನ ಸೋಮವಾರ
ಸಂತೆಗೆ ಹೋಗುವ ನೆಪದಲ್ಲಿ
ಒಮ್ಮೆ ಬಂದು ನೋಡಬೇಕು.