ಮೇಲಕ್ಕೆ ತಲುಪದ್ದು

ಗ್ರಿಮ್ಸ್‌ಬಿಯ ಆಸ್ಪತ್ರೆಯ ನೆಲಮಾಳಿಗೆಗೆ
ಹನ್ನೊಂದು ವರ್ಷದಲ್ಲಿ ನಾನು ಇಳಿದದ್ದು ಅಂದೇ ಮೊದಲು.
ಮೂರನೇ ಮಹಡಿಯಲ್ಲಿ ಜನರನ್ನು ಮಲಗಿಸುವುದು ನನ್ನ ಕೆಲಸ.
ಗಾಳಿ ಎಲ್ಲಿಂದ ಬರುತ್ತದೆಂದು ಕೇಳಿದವಳಲ್ಲ;
ನಲ್ಲಿ ತಿರುಗಿಸಿದವರು ಕೆರೆ ನೋಡಿಬರುತ್ತಾರೆಯೇ?

ಕೆಳಗೆ ಎಬಲ್‌ವೈಟ್ ಇದ್ದ. ಕೈಯಲ್ಲಿ ಸ್ಪ್ಯಾನರು,
ಕಿವಿಯ ಸಂದಿಯಲ್ಲಿ ಮೋಟು ಪೆನ್ಸಿಲು.
ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಹತ್ತು ನೀಲಿ ಸಿಲಿಂಡರು,
ಎಡಕ್ಕೆ ಐದು, ಬಲಕ್ಕೆ ಐದು,
ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗರ ಹಾಗೆ.
ಒಂದು ಸಾಲು ಬರಿದಾದರೆ ಇನ್ನೊಂದು ತಾನಾಗಿ ತೆರೆದುಕೊಳ್ಳುತ್ತದೆ.
"ಮೂವತ್ತೊಂದು ವರ್ಷ," ಅಂದ. "ಪ್ರತಿ ಸೋಮವಾರ.
ಒಂದು ದಿನವೂ ಮೇಲೆ ಕೊರತೆ ಬಿದ್ದಿಲ್ಲ."

ನೈಟ್ರಸ್ ಆಕ್ಸೈಡ್. ನಗೆಯ ಗಾಳಿ ಅಂತ ಊರಿಗೆಲ್ಲ ಗೊತ್ತು,
ನಕ್ಕವರನ್ನು ನಾನು ಕಂಡದ್ದು ಕಡಿಮೆ.
ಕಂಡದ್ದು, ಮೀನು ಕಾರ್ಖಾನೆಯ ಬೆರಿಲ್ ಎಂಬಾಕೆಯನ್ನು.
ಮುರಿದ ಮಣಿಕಟ್ಟನ್ನು ನೇರ ಮಾಡುವಾಗ
ಕೊಳವೆ ಕಚ್ಚಿ ಎರಡು ಉಸಿರೆಳೆದು ಹೇಳಿದಳು:
"ನೋವು ಇದೆ ಡಾಕ್ಟರೇ, ಆದರೆ ಪಕ್ಕದ ಮನೆಯಲ್ಲಿದೆ.
ರೇಡಿಯೋ ಥರ ಸಣ್ಣಗೆ ಕೇಳ್ತಿದೆ."
ನಮ್ಮ ಭಾಷೆಯಲ್ಲಿ ಅರಿವಳಿಕೆ ಎನ್ನುತ್ತೇವೆ.
ಬೆರಿಲ್‌ಗೆ ಅರಿವೇನೂ ಅಳಿಯಲಿಲ್ಲ,
ಗೋಡೆಯಾಚೆ ಹೋಗಿ ಕೂತಿತು, ಅಷ್ಟೆ.
ಅದಕ್ಕೊಂದು ಬೇರೆ ಪದ ಬೇಕಿತ್ತು; ನಾನು ಹುಡುಕಲಿಲ್ಲ.

ಅವಳು ಕಚ್ಚಿದ ಆ ಪುಟ್ಟ ಸಿಲಿಂಡರು ಇನ್ನೂ ಇರುತ್ತದೆ,
ಹೆರಿಗೆ ಕೋಣೆಯಲ್ಲಿ, ಬೈಗುಳಗಳ ನಡುವೆ.
ನಾವು ಮುಚ್ಚಲು ಬಂದದ್ದು ಕೊಳವೆಯನ್ನು.
ಎಬಲ್‌ವೈಟನ ಪುಸ್ತಕದಲ್ಲಿ ತಿಂಗಳಿಗೆ ಬರಿದಾದದ್ದು ಆರು.
ನಮ್ಮ ಯಂತ್ರಗಳ ಪ್ರಕಾರ ರೋಗಿಗಳು ಉಸಿರಾಡಿದ್ದು ಅರ್ಧ.
ಉಳಿದ ಐದೂವರೆ?

ತಿರುಪು ಬಿಗಿದು ಕಾದೆವು. ಶನಿವಾರ.
ಮೇಲೆ ಥಿಯೇಟರುಗಳೆಲ್ಲ ಖಾಲಿ. ಮಾಪಕದ ಮುಳ್ಳು ನಾಲ್ಕರಲ್ಲಿ.
ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ
ತನ್ನ ಟಾನ್ಸಿಲಿನ ಕತೆ ತೆಗೆದ:
ಏಳು ವರ್ಷ, ಕಪ್ಪು ರಬ್ಬರಿನ ಮುಖವಾಡ, ಸೈಕಲ್ ಟ್ಯೂಬಿನ ವಾಸನೆ,
ದೂರದ ಬಂದರಿನಲ್ಲಿ ಗಂಟೆ.
ಗಂಟೆ ಇದ್ದದ್ದು ನಿನ್ನ ತಲೆಯೊಳಗೆ ಎಂದು ನರ್ಸು ಹೇಳಿದಳಂತೆ,
ಅವನು ಈಗಲೂ ನಂಬುವುದಿಲ್ಲ.
ಬಿಸ್ಕೆಟು ಮುಗಿಯುವ ಹೊತ್ತಿಗೆ ಮೂರೂವರೆ.
ಯಾರೂ ಉಸಿರಾಡುತ್ತಿರಲಿಲ್ಲ.

ಲಾಂಡ್ರಿಯ ಹಿಂದಿನ ಗೋಡೆಯಲ್ಲೋ, ಹಳೆ ಎಕ್ಸ್‌ರೇ ಕೋಣೆಯ
ಸೂರಿನ ಮೇಲೋ, ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು;
ಅಲ್ಲಿಂದ ಕಿಟಕಿ, ಕಿಟಕಿಯಿಂದ
ಹಂಬರ್ ನದಿಯ ಮೇಲಿನ ಬೂದು ಆಕಾಶ.
ಅಲ್ಲಿ ನೂರು ವರ್ಷಕ್ಕೂ ಮಿಕ್ಕಿ ಇರುತ್ತದಂತೆ,
ಭೂಮಿಯ ಕಾವನ್ನು ಬಿಡದೆ ಹಿಡಿದುಕೊಂಡು.

ಅವನು ಪೆನ್ಸಿಲು ತೆಗೆದ, ಬರೆಯಲಿಲ್ಲ.
"ಹಾಗಾದರೆ ನಾನು ಮೂವತ್ತೊಂದು ವರ್ಷ ಮೇಲಕ್ಕೆ ಕಳಿಸಿದ್ದು..."

ಆಗ ನಾನು ಹೇಳಬೇಕಾಯಿತು.
ನೀಲಿ ಗುಂಡಿ ಮುಟ್ಟಿ ನನಗೆ ಐದು ವರ್ಷವಾಯಿತು.
ಬೇರೆ ಔಷಧಿ ಬಂತು, ಎದ್ದವರಿಗೆ ವಾಂತಿ ಕಡಿಮೆ.
ಒಂದೆರಡು ಮಕ್ಕಳ ಕೇಸು ಬಿಟ್ಟರೆ
ಒಬ್ಬೊಬ್ಬರಾಗಿ ಎಲ್ಲರೂ ಕೈಬಿಟ್ಟೆವು.
ಕೆಳಗೆ ಬಂದು ಯಾರೂ ಹೇಳಲಿಲ್ಲ.
ಲಿಫ್ಟು ಸರಿಯಾಗಿಯೇ ಇತ್ತು.

ಅವನು ಬಹಳ ಹೊತ್ತು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.
ಅದು ಆಗಲೇ ಬಿಗಿಯಾಗಿತ್ತು.

ಮುಳ್ಳು ಮೂರು ದಾಟಿದಾಗ ಗೋಡೆಯ ಫಲಕ ಕಿರುಚತೊಡಗಿತು,
ನೈಟ್ರಸ್ ಕಡಿಮೆ, ನೈಟ್ರಸ್ ಕಡಿಮೆ.
ಅವನ ಕೈ ಸ್ಪ್ಯಾನರಿಗೆ ಹೋಯಿತು,
ಅರ್ಧದಲ್ಲಿ ನಿಂತಿತು.
ಸದ್ದು ಅಡಗಿಸಿದ. ಕೆಂಪು ದೀಪಕ್ಕೆ ಗುಂಡಿಯಿಲ್ಲ,
ಕಂಪನಿಯವರು ಬರುವುದು ಬುಧವಾರ.
"ಟೇಪಿದೆಯಾ?" ಅಂದ.
ಜೇಬಿನಲ್ಲಿತ್ತು, ಮಲಗಿಸಿದ ಮೇಲೆ
ರೋಗಿಗಳ ರೆಪ್ಪೆ ಮುಚ್ಚಿ ಅಂಟಿಸುವ ಟೇಪು.
ಹಲ್ಲಿನಿಂದ ಕಡಿದು ಎರಡು ತುಂಡು ಹಚ್ಚಿದ,
ಹೆಬ್ಬೆರಳಿನಿಂದ ಒತ್ತಿದ,
ನಾವು ಎಷ್ಟು ಮೆತ್ತಗೆ ಒತ್ತುತ್ತೇವೋ ಅಷ್ಟೇ ಮೆತ್ತಗೆ.
ಒಳಗೆ ಇನ್ನೂ ಕೆಂಪಗಿತ್ತು.